ಸಂಘದ ಲೆಟರ್‌ಹೆಡ್ಡಿನಲ್ಲಿ ಅಧ್ಯಕ್ಷರ ರಾಜಕೀಯ: ನಮ್ಮನ್ನು ಕೇಳಿದ್ದು ಯಾವಾಗ?

ಸುಂಟಿಕೊಪ್ಪ ರೊಬಸ್ಟಾ

ಎಲ್ಲರಿಗೂ ನಮಸ್ಕಾರ. ಕೊಡಗಿನ ನಮ್ಮ ಭಾಗದ ಕಾಫಿ ಬೆಳೆಗಾರರ ಸಂಘದ ಅಧ್ಯಕ್ಷರು ಕಳೆದ ವಾರ ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಟ್ಟಿದ್ದಾರೆ. ಸಂಘದ ಹೆಸರು ಇಲ್ಲಿ ಬೇಡ, ಗೊತ್ತಿದ್ದವರಿಗೆ ಗೊತ್ತಿದೆ.

ಹೇಳಿಕೆಯಲ್ಲಿ ಮೂರು ಪ್ಯಾರಾ. ಮೊದಲನೆಯದು ಕಾಡಾನೆ ಹಾವಳಿ ಮತ್ತು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು ತೋಟಗಳನ್ನು ಹರಾಜಿಗೆ ಇಡುತ್ತಿರುವ ವಿಷಯ. ಅದಕ್ಕೆ ನನ್ನ ತಕರಾರಿಲ್ಲ, ಸಂಘ ಇರುವುದೇ ಅದಕ್ಕೆ. ಎರಡನೆಯ ಪ್ಯಾರಾದಲ್ಲಿ ಕಾಫಿಗೂ ಕರಿಮೆಣಸಿಗೂ ಸಂಬಂಧವೇ ಇಲ್ಲದ ಒಂದು ರಾಷ್ಟ್ರೀಯ ವಿವಾದವನ್ನು ಎತ್ತಿಕೊಂಡು ಒಂದು ಪಕ್ಷವನ್ನು ಹೊಗಳಿ, ಇನ್ನೊಂದನ್ನು ಹಿಗ್ಗಾಮುಗ್ಗಾ ಬೈದಿದ್ದಾರೆ. ಮೂರನೆಯದು, ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಬಂದರೂ ಬೆಳೆಗಾರರೆಲ್ಲ ಆ ಪಕ್ಷದ ಬೆನ್ನಿಗಿರುತ್ತಾರೆ, ಇದು ಸಂಘದ ಒಮ್ಮತದ ನಿಲುವು ಎಂದು.

ಒಮ್ಮತ ಆದದ್ದು ಎಲ್ಲಿ? ಕಳೆದ ಮಹಾಸಭೆಯಲ್ಲಿ ನಾನು ಮೊದಲಿನಿಂದ ಊಟದವರೆಗೂ ಇದ್ದೆ. ಲೆಕ್ಕಪತ್ರ ಮಂಡನೆಯಾಯಿತು, ಆನೆ ಕಂದಕದ ಬಗ್ಗೆ ಕೂಗಾಟವಾಯಿತು, ಸದಸ್ಯತ್ವದ ಶುಲ್ಕ ಏರಿಸಿದರು. ಇಷ್ಟೇ. ನಾನು ಆ ಪಕ್ಷಕ್ಕೆ ಮತ ಹಾಕುವವನೋ ಅಲ್ಲವೋ ಎಂಬುದು ಬೇರೆ ಮಾತು. ನನ್ನ ಹೆಸರನ್ನು ನನ್ನ ಕೇಳದೆ ಸೇರಿಸಿದ್ದಾರೆ.

ಸಂಘದ ಪದಾಧಿಕಾರಿಗಳು ಹೀಗೆ ರಾಜಕೀಯ ಹೇಳಿಕೆ ಕೊಡಬಹುದೇ? ಕೊಡುವುದಾದರೆ ಯಾರನ್ನು ಕೇಳಿ? ದಯವಿಟ್ಟು ಪಕ್ಷಗಳ ಹೆಸರು ಎತ್ತಬೇಡಿ, ಚರ್ಚೆ ಹಳಿ ತಪ್ಪುತ್ತದೆ.

ಕಣದ ಕಾವಲು

2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯ ಮುಖವನ್ನೇ ಕಾಣದ ಜಿಲ್ಲಾ ಪಂಚಾಯಿತಿಗೆ ಈಗಲೇ ಬೆಂಬಲ ಘೋಷಿಸಿದ್ದಾರೆ ಎಂದರೆ ನಿಮ್ಮ ಅಧ್ಯಕ್ಷರು ಬಹಳ ದೂರದೃಷ್ಟಿಯವರು.

ಕಿಗ್ಗಟ್ಟುನಾಡಿನವ

ರೊಬಸ್ಟಾ ಅವರೇ, ಬೇಸರ ಮಾಡಿಕೊಳ್ಳಬೇಡಿ, ನಾನು ಅಧ್ಯಕ್ಷರ ಪರವಾಗಿಯೇ ಮಾತಾಡುತ್ತೇನೆ.

ಕಾಫಿ ಮಂಡಳಿ ಇರುವುದು ಕೇಂದ್ರದ ವಾಣಿಜ್ಯ ಸಚಿವಾಲಯದ ಅಡಿಯಲ್ಲಿ. ಆನೆ ಅರಣ್ಯ ಇಲಾಖೆಯದು. ಪಂಪ್‌ಸೆಟ್ಟಿನ ಕರೆಂಟು ರಾಜ್ಯ ಸರ್ಕಾರದ್ದು. ಬ್ಯಾಂಕು ದೆಹಲಿಯ ಮಾತು ಕೇಳುತ್ತದೆ. ಇದರಲ್ಲಿ ರಾಜಕೀಯವಲ್ಲದ್ದು ಯಾವುದು, ಒಂದನ್ನು ತೋರಿಸಿ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ನಮ್ಮ ಅಜ್ಜಂದಿರು ಬೆಳೆದದ್ದನ್ನೆಲ್ಲ ಪೂಲಿಗೆ, ಅಂದರೆ ಮಂಡಳಿಯ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಾಗಿತ್ತು. ಹಣ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು. ಒಂದು ವರ್ಷದ ಕಾಫಿಯ ಕೊನೆಯ ಕಂತು ಕೈಗೆ ಸಿಗುವಷ್ಟರಲ್ಲಿ ಮುಂದಿನ ಕೊಯ್ಲು ಮುಗಿದಿರುತ್ತಿತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ. ಬೆಳೆಗಾರರ ಸಂಘಗಳು ಬಾಯಿ ಬಿಟ್ಟದ್ದರಿಂದ 1992ರಲ್ಲಿ ಶೇಕಡಾ 30ರಷ್ಟನ್ನು ದೇಶದೊಳಗೆ ಸ್ವಂತ ಮಾರಿಕೊಳ್ಳಲು ಬಿಟ್ಟರು, 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಂದಿನವರು "ಇದು ರಾಜಕೀಯ, ನಮಗೇಕೆ" ಎಂದು ಸುಮ್ಮನಿದ್ದಿದ್ದರೆ ಇಂದು ನೀವು ಯಾವ ದರಕ್ಕೆ ಯಾರಿಗೆ ಮಾರುತ್ತೇನೆಂದು ವ್ಯಾಪಾರಿಯ ಜೊತೆ ಚೌಕಾಸಿ ಮಾಡುತ್ತಿರಲಿಲ್ಲ.

ಸುದ್ದಿಮನೆ

ಅರ್ಧ ಸರಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಅದೇ ವರ್ಷ ದೆಹಲಿಯಲ್ಲಿ ಆರ್ಥಿಕ ಉದಾರೀಕರಣ. ಬೆಳೆಗಾರರ ಒತ್ತಡ ಇತ್ತು, ನಿಜ. ಆದರೆ ಪೂಲ್ ಬಿದ್ದದ್ದು ನಾವು ಕೂಗಿದ್ದರಿಂದಲೇ ಎಂದರೆ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದಂತೆ.

ಕಿಗ್ಗಟ್ಟುನಾಡಿನವ

ಕೋಳಿಯನ್ನಾದರೂ ಒಪ್ಪಿಕೊಂಡಿರಲ್ಲ, ಸಾಕು.

ಸುಂಟಿಕೊಪ್ಪ ರೊಬಸ್ಟಾ

ಅಣ್ಣಾ, ಪೂಲ್ ವಿರುದ್ಧ ಮಾತಾಡಿದ್ದು ಕಾಫಿಯ ಮಾತು. ಮೊದಲ ಪ್ಯಾರಾಕ್ಕೆ ನಾನು ತಕರಾರು ತೆಗೆದಿಲ್ಲ ಎಂದು ಮೊದಲೇ ಬರೆದಿದ್ದೇನೆ. ಎರಡು ಮತ್ತು ಮೂರರ ಬಗ್ಗೆ ಹೇಳಿ.

ವಿರಾಜಪೇಟೆ ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ. ಇಂಥ ಜಗಳ ಬಂದಾಗಲೆಲ್ಲ ಯಾರಾದರೂ "ನೋಂದಾಯಿತ ಸಂಘ ರಾಜಕೀಯ ಮಾತಾಡುವಂತೆಯೇ ಇಲ್ಲ" ಎನ್ನುತ್ತಾರೆ. ಹಾಗೇನೂ ಇಲ್ಲ. 1860ರ ಕೇಂದ್ರ ಕಾಯ್ದೆಯ 20ನೇ ಸೆಕ್ಷನ್ ಯಾವ ಯಾವ ಉದ್ದೇಶಕ್ಕೆ ಸಂಘ ನೋಂದಾಯಿಸಬಹುದು ಎಂದು ಪಟ್ಟಿ ಕೊಡುವಾಗ ರಾಜಕೀಯ ಶಿಕ್ಷಣದ ಪ್ರಸಾರವನ್ನೂ ಹೆಸರಿಸಿಯೇ ಸೇರಿಸಿದೆ. ನಮ್ಮಲ್ಲಿ ಜಾರಿಯಲ್ಲಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಅದರಡಿಯಲ್ಲಿ ನಿಮ್ಮ ಸಂಘ ನೋಂದಣಿಯಾದಾಗ ಕೊಟ್ಟ ಉದ್ದೇಶಪತ್ರ ಮತ್ತು ಬೈಲಾ ಇರುತ್ತವೆ. ಉತ್ತರ ಅಲ್ಲಿದೆ. "ಕಾಫಿ ಬೆಳೆಗಾರರ ಹಿತರಕ್ಷಣೆ" ಎಂದಿದ್ದರೆ ಆನೆ, ಸಾಲ, ಹರಾಜು ಎಲ್ಲ ಅದರೊಳಗೆ ಬರುತ್ತದೆ. ಯಾವುದೋ ರಾಷ್ಟ್ರೀಯ ವಿವಾದವನ್ನು ಅದರೊಳಗೆ ತುರುಕಲು ಬಹಳ ಜಾಣತನ ಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಸಂಘದ ಪರವಾಗಿ ಮಾತಾಡುವ ಅಧಿಕಾರ ಯಾರಿಗಿದೆ? ಅಧ್ಯಕ್ಷನಿಗೋ, ಕಾರ್ಯಕಾರಿ ಸಮಿತಿಗೋ, ಮಹಾಸಭೆಗೋ? 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘದಲ್ಲಿ ಇದೇ ಆಯಿತು. ಚುನಾವಣಾ ಬಾಂಡ್ ತೀರ್ಪು ಫೆಬ್ರವರಿ 15ಕ್ಕೆ ಬಂದಿತ್ತು. ಆ ತೀರ್ಪನ್ನು ರಾಷ್ಟ್ರಪತಿಗಳು ಮತ್ತೆ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಬೇಕು ಎಂದು ಸಂಘದ ಅಧ್ಯಕ್ಷರು ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಕೂಡಲೇ ಕಾರ್ಯಕಾರಿ ಸಮಿತಿ ನಿರ್ಣಯ ಹೊರಡಿಸಿತು: ಇಂಥ ಪತ್ರ ಬರೆಯಲು ಸದಸ್ಯರು ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿಲ್ಲ, ಅದರಲ್ಲಿರುವ ಅಭಿಪ್ರಾಯ ನಮ್ಮದಲ್ಲ ಎಂದು. ದೇಶದ ದೊಡ್ಡ ದೊಡ್ಡ ವಕೀಲರೇ ಇರುವ ಸಂಘದ ಗತಿ ಇದು.

ಮಾಜಿ ಕಾರ್ಯದರ್ಶಿ

ಬೇರೊಂದು ಸಂಘದಲ್ಲಿ ಬಹಳ ಕಾಲ ಕಾರ್ಯದರ್ಶಿಯಾಗಿದ್ದೆ. ಹೇಳಿಕೆ ಹೇಗೆ ಹುಟ್ಟುತ್ತದೆ ಎಂದು ಹೇಳುತ್ತೇನೆ, ನಗಬೇಡಿ.

ಸಂಜೆ ಆರರ ಹೊತ್ತಿಗೆ ವರದಿಗಾರರ ಫೋನು ಬರುತ್ತದೆ. "ಸರ್, ಇಂಥ ವಿಷಯಕ್ಕೆ ನಿಮ್ಮ ಸಂಘದ ಪ್ರತಿಕ್ರಿಯೆ ಏನು? ಇನ್ನರ್ಧ ಗಂಟೆಯಲ್ಲಿ ಪುಟ ಹೋಗುತ್ತದೆ." ಅಧ್ಯಕ್ಷರು ಆಗ ಕಣದಲ್ಲಿ ಮೋಡ ನೋಡುತ್ತಾ ಒಣಗಲು ಹಾಕಿದ ಪಾರ್ಚ್‌ಮೆಂಟ್ ಕಾಫಿಗೆ ಟಾರ್ಪಾಲು ಹೊದೆಸುತ್ತಿರುತ್ತಾರೆ. "ನೀವೇ ಏನಾದರೂ ಬರೆದು ಹಾಕಿ ಮಾರಾಯರೇ" ಎನ್ನುತ್ತಾರೆ. ನಾನು ಮೊಬೈಲಿನಲ್ಲಿ ನಾಲ್ಕು ಸಾಲು ಕುಟ್ಟಿ, ಕೊನೆಗೆ "ಎಂದು ಸಂಘ ಒತ್ತಾಯಿಸಿದೆ" ಎಂದು ಸೇರಿಸಿ ಕಳುಹಿಸುತ್ತಿದ್ದೆ. ಮರುದಿನ ಪತ್ರಿಕೆಯಲ್ಲಿ ಅಧ್ಯಕ್ಷರ ಫೋಟೊ. ಸಂಘ ಒತ್ತಾಯಿಸಿದ ಸಂಗತಿ ಸಂಘದವರಿಗೆ ಗೊತ್ತಾಗುವುದು ಆಗಲೇ.

ಆಮೇಲಿನ ಕೆಲಸ ನಡವಳಿ ಪುಸ್ತಕದ್ದು. ಸಭೆಯ ಕಾರ್ಯಸೂಚಿಯ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂದು ಒಂದು ಸಾಲು ಇರುತ್ತದೆ. ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು ಎಲ್ಲರ ಸಹಿ ತೆಗೆದುಕೊಳ್ಳುವ ರೂಢಿ. ಆ ಖಾಲಿ ಜಾಗದಲ್ಲಿ ಮುಂದಿನ ಮೂರು ತಿಂಗಳ ನಿರ್ಣಯಗಳೆಲ್ಲ ಕೂರುತ್ತವೆ. ಶಾಯಿಯ ಬಣ್ಣ ಬೇರೆ, ಅಕ್ಷರ ಕೆಳಗೆ ಹೋದಂತೆ ಸಣ್ಣದಾಗುತ್ತಾ ಸಹಿಗಳ ಮೇಲೆಯೇ ಹತ್ತಿರುತ್ತದೆ. ರೊಬಸ್ಟಾ ಅವರೇ, ನಿಮ್ಮ ಒಮ್ಮತ ಅಲ್ಲೇ ಎಲ್ಲೋ ಇದೆ. ಪುಸ್ತಕ ತರಿಸಿ ನೋಡಿ.

ಕಣದ ಕಾವಲು

ಈ ಉತ್ತರವನ್ನು ಜಿಲ್ಲೆಯ ಎಲ್ಲಾ ಸಂಘಗಳ ಗೋಡೆಗೆ ಅಂಟಿಸಬೇಕು.

ಸೋಮವಾರಪೇಟೆ ಮೇಷ್ಟ್ರು

ಯಾರೂ ಎತ್ತದ ಒಂದು ತೊಂದರೆ ಹೇಳುತ್ತೇನೆ. ನಾನು ಸರ್ಕಾರಿ ಶಾಲೆಯ ಶಿಕ್ಷಕ. ಅಪ್ಪನಿಂದ ಬಂದ ಸ್ವಲ್ಪ ತೋಟ ಇದೆ, ಹಾಗಾಗಿ ಬೆಳೆಗಾರರ ಸಂಘದ ಸದಸ್ಯನೂ ಹೌದು. ಸರ್ಕಾರಿ ನೌಕರ ರಾಜಕೀಯ ಪಕ್ಷಕ್ಕೆ ಮಾತ್ರವಲ್ಲ, ರಾಜಕೀಯದಲ್ಲಿ ಭಾಗವಹಿಸುವ ಯಾವ ಸಂಘಟನೆಗೂ ಸೇರಿರಬಾರದು ಎಂದು ನಮ್ಮ ನಡತೆ ನಿಯಮ ಹೇಳುತ್ತದೆ. 1966ರ ನಿಯಮಗಳಲ್ಲೂ ಇತ್ತು, 2021ರಲ್ಲಿ ಹೊಸ ನಿಯಮ ಬಂದಾಗಲೂ ಉಳಿಯಿತು. ಅಧ್ಯಕ್ಷರು ಇಂಥ ಪಕ್ಷದ ಬೆನ್ನಿಗೆ ಸಂಘ ಇದೆ ಎಂದು ಸಾರಿದ ದಿನ ನಾನು ಏನಾಗುತ್ತೇನೆ? ಯಾರೋ ಆಗದವರು ಆ ಪತ್ರಿಕೆಯ ತುಣುಕನ್ನು ಅರ್ಜಿಗೆ ಲಗತ್ತಿಸಿ ಮೇಲಕ್ಕೆ ಕಳುಹಿಸಿದರೆ ಉತ್ತರ ಕೊಡಬೇಕಾದವನು ನಾನು. ಅಧ್ಯಕ್ಷರಿಗೆ ಕಾರಣ ಕೇಳಿ ನೋಟಿಸು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ತೋಟವೂ ನೌಕರಿಯೂ ಇರುವ ಮನೆಗಳು ಎಷ್ಟಿವೆ ಯೋಚಿಸಿ. ಶಿಕ್ಷಕರು, ಪೊಲೀಸರು, ಗ್ರಾಮ ಲೆಕ್ಕಿಗರು, ರಜೆಯಲ್ಲಿ ಊರಿಗೆ ಬರುವ ಸೈನಿಕರು.

ನಿವೃತ್ತ ಹವಾಲ್ದಾರ್

ಮೇಷ್ಟ್ರು ಹೇಳಿದ್ದು ಸರಿ. ಸೇವೆಯಲ್ಲಿದ್ದಾಗ ರಾಜಕೀಯ ಸಭೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ ನಾವು. ನಿವೃತ್ತರಾದ ಮೇಲೆ ಎಲ್ಲರಿಗೂ ಸ್ವಾತಂತ್ರ್ಯ ಇದೆ. ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೇ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ನಿಂತದ್ದು ತಮ್ಮ ಹೆಸರಿನಲ್ಲಿ. ಇವರೂ ಬೇಕಾದರೆ ಸ್ವಂತ ಹೆಸರಿನಲ್ಲಿ ನಿಲ್ಲಲಿ, ನಾನೇ ಮನೆ ಮನೆಗೆ ಬಂದು ಮತ ಕೇಳುತ್ತೇನೆ.

ಎರಡೆಕರೆ

ನಾನು ಎರಡು ಎಕರೆಯವನು. ಸಂಘದ ಸದಸ್ಯ. ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವನು. ನಿಮಗೆಲ್ಲ ಈಗ ರಾಜಕೀಯ ಹೇಳಿಕೆ ಬಂದಾಗ ನೋವಾಗಿದೆ, ಸಂತೋಷ. ದೊಡ್ಡ ತೋಟದವರ ಅನುಕೂಲಕ್ಕೆ ಸಂಘ ಹೇಳಿಕೆ ಕೊಟ್ಟಾಗ ನಮ್ಮನ್ನು ಯಾರು ಕೇಳಿದ್ದರು? ಕೂಲಿಯವರ ದಿನಗೂಲಿ ಹೆಚ್ಚಾಯಿತು ಎಂದು ಸಂಘ ಗೋಳಾಡಿತ್ತು. ನನ್ನ ತೋಟದಲ್ಲಿ ಕೆಲಸ ಮಾಡುವವರು ನಾನು ಮತ್ತು ನನ್ನ ಹೆಂಡತಿ. ಕೊಯ್ಲಿನ ಕಾಲದಲ್ಲಿ ನಾವೂ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೋಗುತ್ತೇವೆ. ಆ ಹೇಳಿಕೆಯಲ್ಲಿ "ಬೆಳೆಗಾರರ ಒಕ್ಕೊರಲಿನ ದನಿ" ಎಂದಿತ್ತು. ಆಗಲೂ ನನ್ನ ಹೆಸರು ಸೇರಿಸಿಕೊಂಡಿದ್ದರು. ಕಾಫಿಯ ಮಾತು ಅಂದ ಮಾತ್ರಕ್ಕೆ ಎಲ್ಲರ ಮಾತಾಗುವುದಿಲ್ಲ.

ಸುಂಟಿಕೊಪ್ಪ ರೊಬಸ್ಟಾ

ಎರಡೆಕರೆ ಅವರೇ, ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆ ಹೇಳಿಕೆಯನ್ನು ನಾನೂ ಓದಿದ್ದೆ, ಚೆನ್ನಾಗಿದೆ ಎಂದುಕೊಂಡಿದ್ದೆ.

ಮೆಣಸಿನಬಳ್ಳಿ

ಹಿಂದಿನ ಸಾಲಾದರೂ ಸಿಕ್ಕಿತಲ್ಲ ಅಣ್ಣಾ ನಿಮಗೆ. ತೋಟದ ಆರ್‌ಟಿಸಿ ಮಾವನವರ ಹೆಸರಿನಲ್ಲಿದೆ, ಆದ್ದರಿಂದ ಸದಸ್ಯತ್ವವೂ ಅವರದೇ. ಗೊಬ್ಬರ, ಕಸಿ, ಚಿಗುರು ತೆಗೆಸುವುದು, ವ್ಯಾಪಾರಿಯ ಜೊತೆ ಔಟ್‌ಟರ್ನ್ (ಒಣಗಿದ ಕಾಫಿಯಿಂದ ಎಷ್ಟು ಬೀಜ ಇಳಿಯುತ್ತದೆ ಎಂಬ) ಲೆಕ್ಕದ ಜಗಳ, ಎಲ್ಲ ನನ್ನದು. ಮಹಾಸಭೆಗೆ ಹೋದರೆ "ಮಹಿಳೆಯರಿಗೆ ಊಟದ ವ್ಯವಸ್ಥೆ ಆ ಕಡೆ" ಎನ್ನುತ್ತಾರೆ. ಸಂಘದ ನಿಲುವು ಎಂದು ಪತ್ರಿಕೆಯಲ್ಲಿ ಬಂದಾಗ ಅದರೊಳಗೆ ನಾನು ಇದ್ದೇನೋ ಇಲ್ಲವೋ ಎಂಬ ಚಿಂತೆಯೇ ನನಗೆ ಬರುವುದಿಲ್ಲ.

ಜಯನಗರದ ಕೊಡಗಿನವನು

ದೂರದಿಂದ ಓದುತ್ತಿದ್ದೇನೆ. ಈ ಪ್ರಶ್ನೆ ವಿಶ್ವವಿದ್ಯಾಲಯಗಳಲ್ಲೂ ಎದ್ದಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯ ಹ್ಯಾರಿ ಕಾಲ್ವೆನ್ ಎಂಬ ಕಾನೂನು ಪ್ರಾಧ್ಯಾಪಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅವರು ಹೇಳಿದ್ದರ ಸಾರ ಇಷ್ಟು: ಟೀಕೆ ಮಾಡುವವರು ಅಧ್ಯಾಪಕರು, ವಿದ್ಯಾರ್ಥಿಗಳು. ಸಂಸ್ಥೆ ಅವರಿಗೆ ಮನೆ ಇದ್ದ ಹಾಗೆ. ಸಂಸ್ಥೆಯೇ ಒಂದು ನಿಲುವು ಘೋಷಿಸಿದರೆ ಒಪ್ಪದವರ ಗತಿ ಏನು? ಸಂಸ್ಥೆಯ ಬುಡಕ್ಕೇ ಕೊಡಲಿ ಬೀಳುವ ವಿಷಯವಾದರೆ ಮಾತ್ರ ಮಾತಾಡಬೇಕು. 2024ರ ಮೇ ತಿಂಗಳಲ್ಲಿ ಹಾರ್ವರ್ಡ್ ಕೂಡ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು. ಬೆಳೆಗಾರರ ಸಂಘಕ್ಕೂ ಈ ಅಳತೆ ಸರಿಹೋಗುತ್ತದೆ ಎನಿಸುತ್ತದೆ.

ಕಿಗ್ಗಟ್ಟುನಾಡಿನವ

ಷಿಕಾಗೊಗೆ ಆನೆ ಬರುವುದಿಲ್ಲ ಸ್ವಾಮಿ. ವಿಶ್ವವಿದ್ಯಾಲಯ ಇರುವುದು ಓದುವುದಕ್ಕೆ, ಸಂಘ ಇರುವುದು ಸರ್ಕಾರದ ಜೊತೆ ಗುದ್ದಾಡುವುದಕ್ಕೆ. ಮೌನವಾಗಿರುವ ಸಂಘವನ್ನು ಯಾವ ಮಂತ್ರಿಯೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಗೆ ಇರುವುದು ಎರಡೇ ವಿಧಾನಸಭಾ ಕ್ಷೇತ್ರ. 2008ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಯಿತು. ಲೋಕಸಭೆಗೆ ಮೈಸೂರಿನ ಬಾಲ. ಮತದ ಲೆಕ್ಕದಲ್ಲಿ ನಾವು ಯಾರಿಗೂ ಬೇಕಾಗಿಲ್ಲ. ಇರುವ ನಾಲ್ಕು ಮತವನ್ನು ಒಟ್ಟಾಗಿ ತೋರಿಸಿ ಚೌಕಾಸಿ ಮಾಡುವುದರಲ್ಲಿ ತಪ್ಪೇನು? ಕಬ್ಬು ಬೆಳೆಗಾರರು ಮಾಡುವುದಿಲ್ಲವೇ?

ಸುದ್ದಿಮನೆ

ಚೌಕಾಸಿ ಮಾಡಿದ್ದರೆ ಸರಿ. ಚುನಾವಣೆಯ ದಿನಾಂಕವೇ ಗೊತ್ತಿಲ್ಲದಾಗ, ಏನನ್ನೂ ಕೇಳದೆ, ಎಲ್ಲವನ್ನೂ ಮೊದಲೇ ಕೊಟ್ಟುಬಿಟ್ಟಿದ್ದಾರೆ. ಮುಂಗಡವನ್ನೂ ಪಡೆಯದೆ ಇಡೀ ಫಸಲು ಒಪ್ಪಿಸಿದ ಬೆಳೆಗಾರನನ್ನು ನಾನು ಇದೇ ಮೊದಲು ನೋಡುತ್ತಿರುವುದು. ಇನ್ನು ಆ ಇನ್ನೊಂದು ಪಕ್ಷ ಅಧಿಕಾರಕ್ಕೆ ಬಂದರೆ ಆನೆ ಪರಿಹಾರದ ಕಡತ ಹಿಡಿದು ಯಾರ ಬಾಗಿಲಿಗೆ ಹೋಗುತ್ತೀರಿ?

ಕಿಗ್ಗಟ್ಟುನಾಡಿನವ

ಇದು ಮಾತು. ಮೂರನೆಯ ಪ್ಯಾರಾ ದಡ್ಡತನ ಎಂದು ಒಪ್ಪುತ್ತೇನೆ. ತಪ್ಪು ಎಂದು ಒಪ್ಪುವುದಿಲ್ಲ.

ನಾಪೋಕ್ಲು ಗದ್ದೆ

ಇತಿಹಾಸ ಗೊತ್ತಿದ್ದವರು ಹೇಳಲಿ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ವಿಲೀನ ಬೇಡ ಎಂದ ತಕ್ಕಡಿ ಪಕ್ಷ ಬಹುಮತ ಪಡೆದಿತ್ತಲ್ಲವೇ? ಆಗ ಊರಿನ ಎಲ್ಲಾ ಸಂಘಗಳೂ ರಾಜಕೀಯವನ್ನೇ ಮಾತಾಡುತ್ತಿದ್ದವು ಎಂದು ಕೇಳಿದ್ದೇನೆ.

ಸೋಮವಾರಪೇಟೆ ಮೇಷ್ಟ್ರು

ಬಹುಮತ ಬಂದಿರಲಿಲ್ಲ. 1952ರ ಚುನಾವಣೆಯಲ್ಲಿ ಒಟ್ಟು 24 ಸ್ಥಾನ. ಕಾಂಗ್ರೆಸ್‌ಗೆ 15, ತಕ್ಕಡಿಯವರಿಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ತಕ್ಕಡಿ ಗುಂಪಿನ ಮುಂದಾಳು ಪಂದ್ಯಂಡ ಬೆಳ್ಯಪ್ಪ, ಗಾಂಧಿವಾದಿ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದೊಳಗೆ ಸೇರಿತು. ಇಲ್ಲಿಗೆ ಹೊಂದುವುದು ಒಂದೇ ಸಂಗತಿ. ವಿಲೀನದ ವಿರುದ್ಧ ಇದ್ದವರು ತಮ್ಮದೇ ಗುರುತು ಹಿಡಿದು ಜನರ ಮುಂದೆ ಹೋದರು, ಸೋತರೂ ಎಷ್ಟು ಜನ ತಮ್ಮ ಜೊತೆ ಇದ್ದಾರೆ ಎಂದು ಲೆಕ್ಕ ಸಿಕ್ಕಿತು. ನಿಮ್ಮ ಅಧ್ಯಕ್ಷರ ಜೊತೆ ಎಷ್ಟು ಜನ ಇದ್ದಾರೆ ಎಂಬ ಲೆಕ್ಕ ಯಾರ ಬಳಿ ಇದೆ?

ನಾಪೋಕ್ಲು ಗದ್ದೆ

ಧನ್ಯವಾದ ಮೇಷ್ಟ್ರೇ. ಅಜ್ಜ ಹೇಳುವಾಗ 9 ಸ್ಥಾನವನ್ನೇ ಗೆಲುವಿನಂತೆ ಹೇಳುತ್ತಿದ್ದರು.

ವಿರಾಜಪೇಟೆ ವಕೀಲ

ಈ ಪ್ರಶ್ನೆಗೆ ಹಳೆಯದೊಂದು ಪರಿಹಾರ ಇದೆ, ಕಾರ್ಮಿಕ ಸಂಘಗಳ ಕಡೆಯಿಂದ. ಇಂಗ್ಲೆಂಡಿನಲ್ಲಿ ವಾಲ್ಟರ್ ಆಸ್ಬರ್ನ್ ಎಂಬ ರೈಲ್ವೆ ಪೋರ್ಟರ್ ಇದ್ದ. ಅವನ ಸಂಘ ಎಲ್ಲರಿಂದ ವಸೂಲಿ ಮಾಡಿದ ಹಣವನ್ನು ಲೇಬರ್ ಪಕ್ಷಕ್ಕೆ ಕೊಡುತ್ತಿತ್ತು. ಇವನು ಲಿಬರಲ್ ಪಕ್ಷದವನು. ನನ್ನ ಚಂದಾ ಹಣ ಅವರಿಗೇಕೆ ಎಂದು ನ್ಯಾಯಾಲಯಕ್ಕೆ ಹೋದ. 1909ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಪರ ತೀರ್ಪು ಕೊಟ್ಟಿತು. ಕಾರ್ಮಿಕ ಸಂಘಗಳು ಗಲಾಟೆ ಮಾಡಿದವು, 1913ರಲ್ಲಿ ಹೊಸ ಕಾಯ್ದೆ ಬಂತು: ರಾಜಕೀಯ ಮಾಡಿ, ಆದರೆ ಸದಸ್ಯರ ಮತದಾನದಿಂದ ಒಪ್ಪಿಗೆ ಪಡೆದು, ಬೇರೆಯೇ ನಿಧಿ ಇಟ್ಟು, ಒಲ್ಲದವನಿಗೆ ಹೊರಗುಳಿಯುವ ಅವಕಾಶ ಕೊಟ್ಟು.

ನಮ್ಮ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 16ನೇ ಸೆಕ್ಷನ್ ಇದನ್ನೇ ಇನ್ನೂ ಬಿಗಿಯಾಗಿ ಬರೆಯಿತು. ರಾಜಕೀಯ ನಿಧಿಗೆ ಯಾರನ್ನೂ ಒತ್ತಾಯಿಸಬಾರದು. ಕೊಡದವನಿಗೆ ಸಂಘದ ಸೌಲಭ್ಯ ತಪ್ಪಿಸಬಾರದು. ಆ ನಿಧಿಗೆ ಕೊಟ್ಟರೆ ಮಾತ್ರ ಸದಸ್ಯತ್ವ ಎಂಬ ಷರತ್ತೂ ಹಾಕಬಾರದು. ನಿಮ್ಮದು ಕಾರ್ಮಿಕ ಸಂಘ ಅಲ್ಲ, 2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆ ನಿಮಗೆ ಅನ್ವಯವಾಗುತ್ತಿರಲಿಲ್ಲ. ಆದರೆ ತರ್ಕವನ್ನು ಎರವಲು ತರಬಹುದು. ಹಣದ ವಿಷಯದಲ್ಲಿ ಇಷ್ಟು ಎಚ್ಚರ ಬೇಕಾದರೆ ಹೆಸರಿನ ವಿಷಯದಲ್ಲೂ ಬೇಡವೇ?

ಕಣದ ಕಾವಲು

ರೈಲೇ ಇಲ್ಲದ ಜಿಲ್ಲೆಯಲ್ಲಿ ರೈಲ್ವೆ ಪೋರ್ಟರ್‌ನ ಕಥೆ.

ನಾಪೋಕ್ಲು ಗದ್ದೆ

ಕುಶಾಲನಗರಕ್ಕೆ ರೈಲು ಬರುತ್ತದೆ ಎಂದು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ.

ಎರಡೆಕರೆ

ಬರದೇ ಇದ್ದರೇ ಒಳ್ಳೆಯದು. ವಾರಾಂತ್ಯಕ್ಕೆ ಬರುವ ಕಾರುಗಳೇ ಸಾಕಾಗಿದೆ.

ಮೆಣಸಿನಬಳ್ಳಿ

ಬಂದರೆ ನನ್ನ ಮಗಳು ಮೈಸೂರಿನಿಂದ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳದೆ ಮನೆಗೆ ಬರುತ್ತಾಳೆ. ಎಲ್ಲದಕ್ಕೂ ಬೇಡ ಎನ್ನಬೇಡಿ.

ಸುಂಟಿಕೊಪ್ಪ ರೊಬಸ್ಟಾ

ರೈಲಿಗೆ ಬೇರೆ ಚರ್ಚೆ ತೆರೆಯಿರಿ! ವಕೀಲರೇ, ನಡವಳಿ ಪುಸ್ತಕ ನೋಡಲು ಅರ್ಜಿ ಕೊಟ್ಟೆ. "ಅಧ್ಯಕ್ಷರು ಊರಲ್ಲಿಲ್ಲ, ಬೀರುವಿನ ಕೀಲಿ ಅವರ ಬಳಿ" ಎಂಬ ಉತ್ತರ ಬಂತು. ಮುಂದೆ?

ವಿರಾಜಪೇಟೆ ವಕೀಲ

ಮೊದಲು ಲಿಖಿತವಾಗಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ವಿಶೇಷ ಮಹಾಸಭೆ ಕರೆಯಲು ಎಷ್ಟು ಸದಸ್ಯರ ಸಹಿ ಬೇಕು ಎಂದು ಬೈಲಾದಲ್ಲಿ ಇರುತ್ತದೆ. ಅದೂ ಆಗದಿದ್ದರೆ 1960ರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ, ಅಥವಾ ಆಡಳಿತ ಮಂಡಳಿಯ ಬಹುಮತದವರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸಂಘದ ಕಾರ್ಯವೈಖರಿಯ ವಿಚಾರಣೆ ನಡೆಸಬೇಕು. ಒಂದು ಪತ್ರಿಕಾ ಹೇಳಿಕೆಗಾಗಿ ಅಲ್ಲಿಯವರೆಗೆ ಹೋಗಬೇಡಿ ಎಂಬುದು ನನ್ನ ಸಲಹೆ. ಮಡಿಕೇರಿಗೆ ಅಲೆದು ಚಪ್ಪಲಿ ಸವೆಯುತ್ತದೆ. ಆಡಳಿತಾಧಿಕಾರಿ ಬಂದು ಕೂತರೆ ಸಂಘವೇ ಕೈತಪ್ಪುತ್ತದೆ.

ಮಾಜಿ ಕಾರ್ಯದರ್ಶಿ

ವಕೀಲರು ಹೇಳಿದಂತೆ ಮಾಡಿ. ವಿಶೇಷ ಮಹಾಸಭೆಗೆ ಒಂದು ನಿರ್ಣಯದ ಕರಡು ಬರೆದಿದ್ದೇನೆ, ತಿದ್ದಿಕೊಳ್ಳಿ:

"ಬೆಳೆಗಾರಿಕೆಗೆ ನೇರವಾಗಿ ಸಂಬಂಧಪಟ್ಟ ವಿಷಯಗಳಲ್ಲಿ ಕಾರ್ಯಕಾರಿ ಸಮಿತಿಯ ಬಹುಮತದ ಒಪ್ಪಿಗೆ ಪಡೆದು ಮಾತ್ರ ಸಂಘದ ಹೆಸರಿನಲ್ಲಿ ಹೇಳಿಕೆ ಕೊಡತಕ್ಕದ್ದು. ಯಾವುದೇ ರಾಜಕೀಯ ಪಕ್ಷ ಅಥವಾ ಅಭ್ಯರ್ಥಿಯ ಪರ ಇಲ್ಲವೇ ವಿರೋಧವಾಗಿ ಸಂಘದ ಹೆಸರು, ಲೆಟರ್‌ಹೆಡ್, ಮೊಹರು ಬಳಸಕೂಡದು. ಪದಾಧಿಕಾರಿಗಳು ವೈಯಕ್ತಿಕ ಅಭಿಪ್ರಾಯ ಹೇಳುವಾಗ ಹುದ್ದೆಯನ್ನು ನಮೂದಿಸಕೂಡದು."

ಕಿಗ್ಗಟ್ಟುನಾಡಿನವ

"ನೇರವಾಗಿ" ಎಂಬುದನ್ನು ಅಳೆಯುವವರು ಯಾರು? ಪಶ್ಚಿಮ ಘಟ್ಟದ ಸಂರಕ್ಷಣೆಯ ಕಸ್ತೂರಿರಂಗನ್ ವರದಿ ನೇರವೋ ಅಲ್ಲವೋ? 2014ರಿಂದ ಕರಡು ಅಧಿಸೂಚನೆಯ ಮೇಲೆ ಕರಡು ಬರುತ್ತಲೇ ಇದೆ, ನಮ್ಮ ಜಿಲ್ಲೆಯ ಹಳ್ಳಿಗಳೂ ಪಟ್ಟಿಯಲ್ಲಿವೆ. ಪಕ್ಷಗಳ ನಿಲುವನ್ನು ಟೀಕಿಸದೆ ಅದರ ಬಗ್ಗೆ ಒಂದು ವಾಕ್ಯ ಬರೆದು ತೋರಿಸಿ. ಗದ್ದೆಗಳ ಭೂಪರಿವರ್ತನೆ? ಹೋಂಸ್ಟೇ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕಾರಣ ಮಳೆಯೋ ಮನುಷ್ಯನೋ ಎಂದು ಜಗಳವಾಯಿತಲ್ಲ, ಅದು?

ಜಯನಗರದ ಕೊಡಗಿನವನು

ಅನುಮಾನ ಬಂದದ್ದನ್ನು ಮಹಾಸಭೆಗೆ ತನ್ನಿ. ಅಷ್ಟೇ ಅಲ್ಲವೇ?

ಮಾಜಿ ಕಾರ್ಯದರ್ಶಿ

ಮಹಾಸಭೆ ವರ್ಷಕ್ಕೊಮ್ಮೆ, ವರದಿಗಾರರ ಫೋನು ದಿನಕ್ಕೊಮ್ಮೆ. ಅದಕ್ಕೇ ಕಾರ್ಯಕಾರಿ ಸಮಿತಿ ಎಂದು ಬರೆದದ್ದು. "ಪಕ್ಷದ ಪರ ಇಲ್ಲವೇ ವಿರೋಧ" ಎಂಬ ಕಡೆ "ಚುನಾವಣೆಗೆ ಸಂಬಂಧಿಸಿದಂತೆ" ಎಂದು ಸೇರಿಸೋಣ. ಆಗ ಸರ್ಕಾರವನ್ನು ಬೈಯಬಹುದು, ಮತ ಯಾರಿಗೆ ಎಂದು ಹೇಳುವಂತಿಲ್ಲ.

ಕಿಗ್ಗಟ್ಟುನಾಡಿನವ

ಸರ್ಕಾರವನ್ನು ಬೈಯಬಹುದಾದರೆ ನನ್ನ ಸಹಿ ಇದೆ.

ಎರಡೆಕರೆ

ನನ್ನದೂ ಒಂದು ಸಾಲು ಸೇರಿಸಿ. ಸಮಿತಿಯಲ್ಲಿ ಒಪ್ಪದವರು ಇದ್ದರೆ ಎಷ್ಟು ಮಂದಿ ಒಪ್ಪಲಿಲ್ಲ ಎಂಬುದೂ ಹೇಳಿಕೆಯಲ್ಲೇ ಬರಬೇಕು. ಹೆಸರು ಬೇಡ, ಸಂಖ್ಯೆ ಸಾಕು.

ಸುದ್ದಿಮನೆ

ಪತ್ರಿಕೆಯವನಾಗಿ ಹೇಳುತ್ತೇನೆ, ಆ ಸಾಲನ್ನು ಡೆಸ್ಕಿನಲ್ಲಿ ಮೊದಲು ಕತ್ತರಿಸುತ್ತಾರೆ. ಜಾಗ ಇರುವುದಿಲ್ಲ. ಆದರೂ ಹಾಕಿ, ನಡವಳಿಯಲ್ಲಿ ಉಳಿಯುತ್ತದೆ.

ಮೆಣಸಿನಬಳ್ಳಿ

ತೋಟ ನೋಡಿಕೊಳ್ಳುವ ಮನೆಯವರಿಗೂ ಸಹ ಸದಸ್ಯತ್ವ ಕೊಡಬೇಕು ಎಂಬುದನ್ನು ಅದೇ ಸಭೆಯಲ್ಲಿ ಎತ್ತುತ್ತೀರಾ? ಇಲ್ಲದಿದ್ದರೆ ಮುಂದಿನ ಒಮ್ಮತವೂ ಗಂಡಸರ ಒಮ್ಮತವೇ.

ಸುಂಟಿಕೊಪ್ಪ ರೊಬಸ್ಟಾ

ಅಕ್ಕಾ, ಅದಕ್ಕೆ ಬೈಲಾ ತಿದ್ದುಪಡಿ ಬೇಕು. ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ಹಾಕಿಸುತ್ತೇನೆ. ಸೂಚಕ ನಾನು, ಅನುಮೋದಕರು ಬೇಕು.

ಎರಡೆಕರೆ

ಅನುಮೋದಕ ನಾನು.

ಸುಂಟಿಕೊಪ್ಪ ರೊಬಸ್ಟಾ

ಸರಿ. ಸಹಿ ಸಂಗ್ರಹ ನಾಳೆಯಿಂದ. ಏಪ್ರಿಲ್ ಕೊನೆಯ ಭಾನುವಾರ ಸಭೆ ಕೇಳೋಣವೇ? ಅಷ್ಟರಲ್ಲಿ ಹೂಮಳೆ ಮುಗಿದಿರುತ್ತದೆ, ಸ್ಪ್ರಿಂಕ್ಲರ್ ಕೆಲಸವೂ ಇರುವುದಿಲ್ಲ.

ನಿವೃತ್ತ ಹವಾಲ್ದಾರ್

ಆ ಭಾನುವಾರ ಬೇಡ. ಕೊಡವ ಕುಟುಂಬಗಳ ಹಾಕಿ ನಡೆಯುತ್ತಿರುತ್ತದೆ, ಅರ್ಧ ಸದಸ್ಯರು ಮೈದಾನದಲ್ಲಿರುತ್ತಾರೆ. ಕೋರಂ ಆಗದಿದ್ದರೆ ಅಧ್ಯಕ್ಷರಿಗೇ ಅನುಕೂಲ.

ಕಣದ ಕಾವಲು

ಸಭೆಯನ್ನೇ ಮೈದಾನದಲ್ಲಿ ಕರೆಯಿರಿ, ಮಧ್ಯಂತರ ವಿರಾಮದಲ್ಲಿ ಕೈ ಎತ್ತಿಸಿ.

ಮಾಜಿ ಕಾರ್ಯದರ್ಶಿ

ಮೇ ಎರಡನೆಯ ವಾರ ಮಾಡಿ. ಮತ್ತೆ ಹೇಳುತ್ತೇನೆ, ಸಹಿ ಹಾಕುವ ಮೊದಲು ಆ ಖಾಲಿ ಅರ್ಧ ಪುಟಕ್ಕೆ ಅಡ್ಡಗೆರೆ ಎಳೆಸಿ.